ಸುರಿದವನ ಹೆಬ್ಬೆಟ್ಟು

ಗ್ಯಾರೇಜಿನ ದೊಡ್ಡ ಮೇಸ್ತ್ರಿಗೆ ಬಾಯಿಗಿಂತ ಕೈ ಮುಂದು. ಆದರೆ ಆ ಕೈ ಏಳುತ್ತಿದ್ದುದು ಒಬ್ಬನ ಮೇಲೆ ಮಾತ್ರ, ಅವನ ಸ್ವಂತ ತಮ್ಮನ ಮೇಲೆ. ಇಪ್ಪತ್ತು ವರ್ಷಗಳಲ್ಲಿ ಅವನು ಚಿಕ್ಕ ಮೇಸ್ತ್ರಿಗೆ ಯಾವುದರಲ್ಲಿ ಹೊಡೆದಿಲ್ಲ ಎಂದು ಕೇಳಿದರೆ ಉತ್ತರ ಬೇಗ ಮುಗಿಯುತ್ತದೆ. ಜಾಕಿಯಲ್ಲಿ ಹೊಡೆದಿಲ್ಲ, ಅದನ್ನು ಎತ್ತುವುದು ಕಷ್ಟ. ಫ್ಯಾನ್ ಬೆಲ್ಟಿನಲ್ಲಿ ಹೊಡೆದಿದ್ದಾನೆ, ಸ್ಪ್ಯಾನರಿನಲ್ಲಿ ಹೊಡೆದಿದ್ದಾನೆ, ಒಮ್ಮೆ ಕಾದ ಸೈಲೆನ್ಸರಿಗೆ ಅವನ ಮೊಣಕೈ ಒತ್ತಿ ಹಿಡಿದಿದ್ದಾನೆ. ಚರ್ಮ ಸುಟ್ಟ ವಾಸನೆ ಎರಡು ದಿನ ಗ್ಯಾರೇಜಿನಲ್ಲಿತ್ತು. ಮೂರನೆಯ ದಿನ ಅಣ್ಣನೇ ಮುಲಾಮು ತಂದು ಹಚ್ಚಿದ. ಹಚ್ಚುವಾಗ ಅತ್ತಿದ್ದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ.

ಅಪ್ಪ ಸತ್ತಾಗ ತಮ್ಮನಿಗೆ ಹನ್ನೆರಡು. ಅವನನ್ನು ಸಾಕಿದವನು ಅಣ್ಣ, ಓದಿಸಿದವನು ಅಣ್ಣ, ಮದುವೆ ಮಾಡಿಸಿದವನೂ ಅಣ್ಣ. ತಾನು ಮಾತ್ರ ಮದುವೆಯ ಗೊಡವೆಗೇ ಹೋಗಲಿಲ್ಲ. ತಮ್ಮನ ಮನೆಯಲ್ಲೇ ಊಟ, ಅಲ್ಲೇ ಒಂದು ಕೋಣೆ, ತಮ್ಮನ ಮಗಳು ಬೆನ್ನ ಮೇಲೆ ಹತ್ತಿ ಕೂತರೆ ಅದೇ ಸ್ವರ್ಗ. ಈ ಭೂಮಿಯ ಮೇಲೆ ಅವನಿಗಿದ್ದದ್ದು ಅಷ್ಟೇ.

ಅಣ್ಣ ತಮ್ಮಂದಿರ ಕೊನೆಯ ದೊಡ್ಡ ಜಗಳ ಎಣ್ಣೆಯದು. ಹೊಸ ಕಾರುಗಳು ಬರತೊಡಗಿದ ಮೇಲೆ ಚಿಕ್ಕ ಮೇಸ್ತ್ರಿ ಸಿಂಥೆಟಿಕ್ ಆಯಿಲ್ ಕ್ಯಾನುಗಳನ್ನು ತರಿಸಿ ಗೋಡೆಗೆ ಜೋಡಿಸಿದ್ದ. ಪ್ರತಿ ಕಾರಿನ ಪುಸ್ತಕ ತೆಗೆದು, ಅದರಲ್ಲಿ ಯಾವ ದರ್ಜೆ ಬರೆದಿದೆಯೋ ಅದನ್ನೇ ಹಾಕಬೇಕು ಅನ್ನುತ್ತಿದ್ದ. ತೆಳು ಎಣ್ಣೆ ಝೀರೋ-ಟ್ವೆಂಟಿ ಎಂದಿದ್ದರೆ ಝೀರೋ-ಟ್ವೆಂಟಿ, ಬೇರೆ ಮಾತಿಲ್ಲ. ಈ ಎಂಜಿನ್ನುಗಳ ಒಳಗಿನ ದಾರಿ ಸೂಜಿಯಷ್ಟು ಸಣ್ಣ, ಒಳಗೆ ಗಾಳಿ ಊದುವ ಟರ್ಬೋ ನಿಮಿಷಕ್ಕೆ ಲಕ್ಷ ಸುತ್ತು ತಿರುಗುತ್ತದೆ, ಬೆಳಗ್ಗೆ ಕೀಲಿ ತಿರುಗಿಸಿದ ಕ್ಷಣ ಎಣ್ಣೆ ಅಲ್ಲಿಗೆ ಮುಟ್ಟಬೇಕು ಎಂದು ಅವನ ವಾದ. ಅಣ್ಣನದು ಒಂದೇ ಡ್ರಮ್ಮು, ಒಂದೇ ಮಂತ್ರ: ಹಳೆಯ ಕಾಲದ ಮಂದ ಎಣ್ಣೆ ಟ್ವೆಂಟಿ-ಫಿಫ್ಟಿ. ಎಣ್ಣೆ ಎಂದರೆ ಬೆರಳಿಗೆ ಅಂಟಬೇಕು, ನೀರಿನ ಹಾಗೆ ಓಡುವುದನ್ನು ಎಣ್ಣೆ ಅನ್ನುವವನಿಗೆ ಬುದ್ಧಿ ಇಲ್ಲ. ಪುಸ್ತಕ ಬರೆದವನು ಎಂದಾದರೂ ಎಂಜಿನ್ ಬಿಚ್ಚಿದ್ದಾನೆಯೇ ಎಂದು ಅವನು ಕೇಳಿದ. ಅವನೇ ತಾನೇ ಎಂಜಿನ್ ಕಟ್ಟಿದ್ದು ಎಂದು ತಮ್ಮ ನಕ್ಕ. ನಗಬಾರದಿತ್ತು. ತುಂಬಿದ ಕ್ಯಾನು ಅವನ ಮುಖಕ್ಕೆ ಬಂದು ಬಡಿಯಿತು. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು, ಏಳು ಹೊಲಿಗೆ ಬಿತ್ತು.

ಅಂದು ಸಂಜೆ ಊಟಕ್ಕೆ ಕೂತಾಗ ತಮ್ಮನ ಹೆಂಡತಿ ತಟ್ಟೆ ಇಟ್ಟಳು, ಬಡಿಸಲಿಲ್ಲ.

"ಭಾವ, ನೀವು ಇವರನ್ನ ಸಾಕಿದೀರಿ ಅಂತ ಇಷ್ಟು ವರ್ಷ ಸುಮ್ಮನಿದ್ದೆ. ಇನ್ನೊಂದು ಸಲ ನಿಮ್ಮಿಂದ ಇವರ ಮೈಯಲ್ಲಿ ರಕ್ತ ಬಂದ್ರೆ ನಾವು ಮೂರೂ ಜನ ಹೊರಟೋಗ್ತೀವಿ. ಎಲ್ಲಿಗೆ ಅಂತ ನಿಮಗೆ ಗೊತ್ತಾಗಲ್ಲ."

ಅವಳು ಸುಮ್ಮನೆ ಬಾಯಿಮಾತಿಗೆ ಹೇಳುವವಳಲ್ಲ ಎಂದು ದೊಡ್ಡ ಮೇಸ್ತ್ರಿಗೆ ಗೊತ್ತಿತ್ತು. ಮಗು ಬಾಗಿಲ ಸಂದಿಯಿಂದ ಅವನನ್ನೇ ನೋಡುತ್ತಿತ್ತು. ಇನ್ನು ಕೈ ಮಾಡುವುದಿಲ್ಲ ಎಂದು ಮಾತು ಕೊಟ್ಟ. ಮಾತು ಉಳಿಸಿಕೊಂಡ ಕೂಡ, ಅದೇ ಅವನ ಹೆಮ್ಮೆ. ಆದರೆ ಕೈಗೆ ಹಗ್ಗ ಬಿಗಿದ ಮಾತ್ರಕ್ಕೆ ಹೊಟ್ಟೆಯೊಳಗಿನ ಉರಿ ಆರುತ್ತದೆಯೇ? ಅದು ಬೇರೆ ದಾರಿ ಹುಡುಕಿತು.

ಎರಡು ವಾರದ ಮೇಲೆ ಜಿಮ್ ಮಾಸ್ತರ ತನ್ನ ಹೊಸ ಕಾರನ್ನು ಆಯಿಲ್ ಬದಲಿಸಲು ತಂದು ಬಿಟ್ಟ. ಪಕ್ಕದ ಬೀದಿಯಲ್ಲಿ ಕಬ್ಬಿಣ ಎತ್ತಿಸುವ ಶಾಲೆ ಇಟ್ಟವನು. ಬಾಗಿಲು ದಾಟಬೇಕಾದರೆ ಭುಜ ಓರೆ ಮಾಡುವಂಥ ಆಳು. ಚಿಕ್ಕ ಮೇಸ್ತ್ರಿ ಹಳೆಯ ಎಣ್ಣೆ ಇಳಿಸಿ, ಫಿಲ್ಟರ್ ಬದಲಿಸಿ, ಕೆಳಗಿನ ಬೋಲ್ಟು ಬಿಗಿದು, ಸಿಂಥೆಟಿಕ್ ಕ್ಯಾನು ತೆಗೆದಿಟ್ಟು ಊಟಕ್ಕೆ ಹೋದ. ದೊಡ್ಡ ಮೇಸ್ತ್ರಿ ಆ ಕ್ಯಾನನ್ನು ಒಂದು ಗಳಿಗೆ ನೋಡಿದ. ಆಮೇಲೆ ಅದನ್ನು ಹಿಂದೆ ಒಯ್ದು ಹಾಳು ಎಣ್ಣೆಯ ಪೀಪಾಯಿಗೆ ಬಗ್ಗಿಸಿ, ತನ್ನ ಡ್ರಮ್ಮಿನಿಂದ ಟ್ವೆಂಟಿ-ಫಿಫ್ಟಿಯನ್ನು ಅಳೆದು ಎಂಜಿನ್ನಿಗೆ ಸುರಿದ. ತಮ್ಮನ ತಲೆಗೆ ಹಾಕಬೇಕಾದ ಏಟನ್ನು ಎಂಜಿನ್ನಿಗೆ ಹಾಕಿದಂತಾಗಿ ಮೈ ಹಗುರಾಯಿತು. ಇದರಿಂದ ಕಾರಿಗೂ ಒಳ್ಳೆಯದೇ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಮೂರ್ಖರಲ್ಲಿ ಇಂಥವರೇ ಅಪಾಯ.

ಆ ಗ್ಯಾರೇಜಿನಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟುಪಾಡಿತ್ತು. ಅಪ್ಪನಿಗೆ ಓದು ಬರಹ ಇರಲಿಲ್ಲ. ಎಣ್ಣೆ ಬದಲಿಸಿದಾಗ ಬಾನೆಟ್ಟಿನ ಒಳಮೈಗೆ ಒಂದು ಚೀಟಿ ಅಂಟಿಸಿ, ಸುರಿದವನು ಹಳೆಯ ಎಣ್ಣೆಯಲ್ಲಿ ಹೆಬ್ಬೆಟ್ಟು ಅದ್ದಿ ಅದರ ಮೇಲೆ ಒತ್ತಬೇಕು. ನಾಳೆ ಏನಾದರೂ ಕೆಟ್ಟರೆ ಆ ಹೆಬ್ಬೆಟ್ಟಿನವನು ಉತ್ತರ ಹೇಳಬೇಕು. ಊಟ ಮುಗಿಸಿ ಬಂದ ತಮ್ಮ ಖಾಲಿ ಕ್ಯಾನು ನೋಡಿದ. ನಿನ್ನ ನೀರನ್ನೇ ಹೊಯ್ದಿದ್ದೇನೆ, ಆದರೆ ನೀರಿಗೆ ನಾನು ಹೆಬ್ಬೆಟ್ಟು ಒತ್ತುವವನಲ್ಲ ಎಂದ ಅಣ್ಣ. ತಮ್ಮ ಅದನ್ನು ರಾಜಿಯ ಮಾತೆಂದುಕೊಂಡು ಖುಷಿಯಾದ. ಚೀಟಿಯ ಮೇಲೆ ಎಣ್ಣೆಯ ದರ್ಜೆ ಬರೆದು, ಮುಂದಿನ ಬದಲಾವಣೆ ಹತ್ತು ಸಾವಿರ ಕಿಲೋಮೀಟರಿಗೆ ಎಂದು ಬರೆದು, ತನ್ನ ಹೆಬ್ಬೆಟ್ಟು ಒತ್ತಿದ.

ಟ್ವೆಂಟಿ-ಫಿಫ್ಟಿ ಐದು ಸಾವಿರಕ್ಕೆ ಮುಪ್ಪಾಗುವ ಎಣ್ಣೆ. ಹಳೇ ಕಾರುಗಳಲ್ಲಿ ಅದನ್ನು ಐದಕ್ಕೇ ಬದಲಿಸುತ್ತಿದ್ದವನು ದೊಡ್ಡ ಮೇಸ್ತ್ರಿಯೇ. ಆಗಾಗ ಅದು ನೆನಪಿಗೆ ಬಂದು ಕುಟುಕುತ್ತಿತ್ತು. ಮಾಸ್ತರನನ್ನು ಬೇಗ ಕರೆಸಬೇಕು, ಆದರೆ ಯಾಕೆ ಎಂದು ತಮ್ಮ ಕೇಳಿದರೆ? ಗುಟ್ಟು ರಟ್ಟಾದರೆ ಮನೆಯಲ್ಲಿ ತಮ್ಮನ ಹೆಂಡತಿಯ ಮುಖ ನೋಡುವುದು ಹೇಗೆ? ನಾಳೆ ನಾಳೆ ಎನ್ನುತ್ತ ಎಂಟು ತಿಂಗಳು ಕಳೆಯಿತು.

ಒಂದು ಮಧ್ಯಾಹ್ನ ಟೋಯಿಂಗ್ ಗಾಡಿ ಆ ಕಾರನ್ನು ಎಳೆದು ತಂದಿತು. ಹಿಂಭಾಗ ನಜ್ಜುಗುಜ್ಜಾಗಿ ಹಿಂದಿನ ಸೀಟು ಮುಂದಿನದಕ್ಕೆ ಅಂಟಿಕೊಂಡಿತ್ತು. ಸೀಟಿನ ಮೇಲೆ ಒಣಗಿದ ರಕ್ತ, ಒಂದು ಪುಟ್ಟ ಚಪ್ಪಲಿ. ಟೋಯಿಂಗ್ ಗಾಡಿಯಿಂದ ಇಳಿದ ಜಿಮ್ ಮಾಸ್ತರನ ಅಂಗಿಯ ಎದೆಯೂ ರಕ್ತಮಯ, ಆದರೆ ಅದು ಅವನದಲ್ಲ. ಮೇಲ್ಸೇತುವೆಯ ಮೇಲೆ ಓಡುತ್ತಿದ್ದ ಎಂಜಿನ್ ಒಮ್ಮೆಲೇ ಹಿಡಿದು ನಿಂತಿದೆ, ಹಿಂದೆ ಬರುತ್ತಿದ್ದ ಲಾರಿ ಬಂದು ಗುದ್ದಿದೆ. ಹಿಂದೆ ಕೂತಿದ್ದ ಅವನ ಒಂಬತ್ತು ವರ್ಷದ ಮಗಳ ತೊಡೆಯ ಮೂಳೆ ಎರಡು ಕಡೆ ಮುರಿದಿದೆ. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಅಲ್ಲಿ ನಿಲ್ಲಲಾರದೆ ಇಲ್ಲಿಗೆ ಬಂದಿದ್ದಾನೆ. ಇಷ್ಟನ್ನು ಹೇಳಿದವನು ಟೋಯಿಂಗ್ ಗಾಡಿಯ ಡ್ರೈವರ್. ಮಾಸ್ತರ ಬಾನೆಟ್ ಎತ್ತು ಎಂದು ಕೈಸನ್ನೆ ಮಾಡಿದ.

ಚಿಕ್ಕ ಮೇಸ್ತ್ರಿ ಬಾನೆಟ್ ಎತ್ತಿ ಆಯಿಲ್ ಮುಚ್ಚಳ ತಿರುಗಿಸಿದ. ಮುಚ್ಚಳದ ಕೆಳಗೆ ಎಣ್ಣೆ ಇರಲಿಲ್ಲ, ಕಪ್ಪು ಕೆಸರಿತ್ತು, ಡಾಂಬರಿನ ಹಾಗೆ ದಪ್ಪ. ಅವನು ಅದನ್ನು ಎರಡು ಬೆರಳ ನಡುವೆ ಉಜ್ಜಿದ. ಸಿಂಥೆಟಿಕ್ ಹತ್ತು ಸಾವಿರಕ್ಕೆ ಹೀಗಾಗುವುದಿಲ್ಲ, ಹದಿನೈದಕ್ಕೂ ಆಗುವುದಿಲ್ಲ. ಅವನು ನಿಧಾನವಾಗಿ ತಲೆ ತಿರುಗಿಸಿ ಅಣ್ಣನ ಮುಖ ನೋಡಿದ. ತಮ್ಮನಿಗೆ ಎಲ್ಲವೂ ತಿಳಿದುಹೋಗಿತ್ತು.

ಮಾಸ್ತರ ಬಾನೆಟ್ಟಿನ ಚೀಟಿಗೆ ಬೆರಳು ಇಟ್ಟು, ಈ ಹೆಬ್ಬೆಟ್ಟು ಯಾರದು ಎಂದು ಕೇಳಿದ.

"ನನ್ನದು," ಅಂದ ಚಿಕ್ಕ ಮೇಸ್ತ್ರಿ.

ಮೊದಲ ಏಟು ಕೆನ್ನೆಗೆ ಬಿತ್ತು. ಅದು ದೊಡ್ಡ ಮೇಸ್ತ್ರಿಗೆ ಗೊತ್ತಿದ್ದ ಥರದ ಏಟಲ್ಲ. ಚಿಕ್ಕ ಮೇಸ್ತ್ರಿ ಟೈರಿನ ರಾಶಿಯ ಮೇಲೆ ಹೋಗಿ ಬಿದ್ದ, ಎದ್ದಾಗ ಒಂದು ಹಲ್ಲು ತುಟಿಗೆ ಅಂಟಿಕೊಂಡಿತ್ತು. ಎರಡನೆಯದು ಹೊಟ್ಟೆಗೆ. ಮೂರನೆಯದಕ್ಕೆ ಮಾಸ್ತರ ಅವನ ಕೂದಲು ಹಿಡಿದು ಹಣೆಯನ್ನು ಕಾರಿನ ಬಾಗಿಲ ಪಕ್ಕದ ಕಂಬಕ್ಕೆ ಬಡಿದ. ಹಳೆಯ ಏಳು ಹೊಲಿಗೆಯ ಹುಬ್ಬು ಮತ್ತೆ ಬಾಯಿ ತೆರೆಯಿತು. ಪ್ರತಿ ಏಟಿಗೂ ಮಾಸ್ತರ ಒಂದೇ ಪ್ರಶ್ನೆ ಕೇಳುತ್ತಿದ್ದ, ಏನು ಸುರಿದೆ, ಏನು ಸುರಿದೆ. ಚಿಕ್ಕ ಮೇಸ್ತ್ರಿ ಉತ್ತರ ಕೊಡಲಿಲ್ಲ. ಅಡ್ಡ ಬಂದ ಡ್ರೈವರನನ್ನು ಮಾಸ್ತರ ಒಂದೇ ಕೈಯಲ್ಲಿ ತಳ್ಳಿದ, ಅವನು ಗೋಡೆಯ ಕ್ಯಾನುಗಳನ್ನೆಲ್ಲ ಉರುಳಿಸಿಕೊಂಡು ಬಿದ್ದ.

ದೊಡ್ಡ ಮೇಸ್ತ್ರಿ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ. ಕೈಯಲ್ಲಿ ವೀಲ್ ಸ್ಪ್ಯಾನರ್ ಇತ್ತು. ಆ ಕೈಗೆ ಸ್ಪ್ಯಾನರ್ ಬೀಸಲು ಬರುತ್ತಿರಲಿಲ್ಲವೆಂದು ಯಾರೂ ಹೇಳುವಂತಿಲ್ಲ, ಇಪ್ಪತ್ತು ವರ್ಷದ ಅಭ್ಯಾಸ. ಆದರೆ ಅದು ಏಳಲಿಲ್ಲ. ಸ್ಪ್ಯಾನರ್ ಬೇಡ, ಒಂದು ಮಾತು ಸಾಕಿತ್ತು. ಮಾತಾಡಿದರೆ ಆ ಮುಷ್ಟಿ ಇತ್ತ ತಿರುಗುತ್ತದೆ ಎಂಬ ಹೆದರಿಕೆ ಒಂದು. ಮಾತಾಡಿದರೆ ತಮ್ಮ, ಅವನ ಹೆಂಡತಿ, ಮಗು ಮೂವರೂ ಕೈಬಿಟ್ಟು ಹೋಗುತ್ತಾರೆ ಎಂಬುದು ಇನ್ನೊಂದು. ಎರಡನೆಯದೇ ದೊಡ್ಡದು ಎಂದು ಅವನು ಆಮೇಲೆ ತನಗೆ ತಾನೇ ಹೇಳಿಕೊಂಡ. ಸುಳ್ಳು. ಆ ಗಳಿಗೆಯಲ್ಲಿ ಮೊದಲನೆಯದೇ ದೊಡ್ಡದಾಗಿತ್ತು. ಏಟಿನ ನಡುವೆ ತಮ್ಮ ಒಂದು ಕಣ್ಣಿನಿಂದ ತನ್ನನ್ನೇ ನೋಡುತ್ತಿದ್ದಾನೆಂದು ಗೊತ್ತಾಗಿ, ಅವನು ನೆಲ ನೋಡಿದ.

ಮಾಸ್ತರ ಚಿಕ್ಕ ಮೇಸ್ತ್ರಿಯನ್ನು ಬಾನೆಟ್ಟಿನ ಬಳಿಗೆ ಎಳೆದು ತಂದ. ಬಲಗೈ ಹಿಡಿದು ಎಂಜಿನ್ನಿನ ಅಂಚಿನ ತಗಡಿನ ಮೇಲೆ ಒತ್ತಿದ.

"ಈ ಹೆಬ್ಬೆಟ್ಟು ಇನ್ನು ಯಾರ ಗಾಡಿಗೂ ಬೀಳಬಾರದು."

ಬಾನೆಟ್ಟಿಗೆ ಆಸರೆ ಕೊಟ್ಟಿದ್ದ ಕಡ್ಡಿ ತಪ್ಪಿಸಿ, ಮೈಯ ಭಾರವನ್ನೆಲ್ಲ ಹಾಕಿ ಅದನ್ನು ಕೆಳಕ್ಕೆ ಬಡಿದ. ಒಮ್ಮೆ ಬಡಿದು, ಎತ್ತಿ, ಮತ್ತೊಮ್ಮೆ ಬಡಿದ. ಮೂಳೆ ಪುಡಿಯಾದ ಸದ್ದು ಡ್ರೈವರನಿಗೂ ಕೇಳಿಸಿತು. ಅಷ್ಟು ಹೊತ್ತು ಹಲ್ಲು ಕಚ್ಚಿಕೊಂಡಿದ್ದ ಚಿಕ್ಕ ಮೇಸ್ತ್ರಿ ಈಗ ಕಿರುಚಿದ. ಕಿರುಚಿದ್ದು ಅಣ್ಣಾ ಎಂದು.

"ಸುರಿದೋನು ನಾನು," ಅಂದ ದೊಡ್ಡ ಮೇಸ್ತ್ರಿ.

ಯಾರಿಗೂ ಕೇಳಿಸಲಿಲ್ಲ. ಅವನು ಇನ್ನೊಮ್ಮೆ ಹೇಳಿದ. ಆಮೇಲೆ ತಡೆ ಒಡೆದಂತಾಗಿ, ಪೀಪಾಯಿಗೆ ಬಗ್ಗಿಸಿದ್ದು, ಡ್ರಮ್ಮಿನಿಂದ ಅಳೆದದ್ದು, ತಮ್ಮನಿಗೆ ಸುಳ್ಳು ಹೇಳಿದ್ದು, ಐದು ಸಾವಿರಕ್ಕೆ ಕರೆಸದೆ ಬಿಟ್ಟದ್ದು ಎಲ್ಲವನ್ನೂ ಕಕ್ಕಿದ. ಮಾಸ್ತರನ ಕೈ ಬಾನೆಟ್ಟಿನ ಮೇಲೇ ನಿಂತಿತು. ಮೊದಲು ಅವನು ತನ್ನ ಕೈಗೆ ಸಿಕ್ಕವನನ್ನು ನೋಡಿದ, ಆಮೇಲೆ ನಾಲ್ಕು ಹೆಜ್ಜೆ ದೂರ ನಿಂತವನನ್ನು.

"ಇಷ್ಟು ಹೊತ್ತು ನೋಡ್ತಾ ನಿಂತಿದ್ಯಾ?"

ದೊಡ್ಡ ಮೇಸ್ತ್ರಿ ಸ್ಪ್ಯಾನರ್ ಕೆಳಗೆ ಹಾಕಿ ಮುಂದೆ ಬಂದು ನಿಂತ. ಹೊಡಿ, ನನಗೆ ಹೊಡಿ ಎಂದು ಕೇಳಿಕೊಂಡ. ಆಗ ಅವನಿಗೆ ಹೆದರಿಕೆಯೇ ಇರಲಿಲ್ಲ, ಏಟು ಬೇಕಾಗಿತ್ತು. ಬಾಯಾರಿದವನಿಗೆ ನೀರು ಬೇಕಾಗುವ ಹಾಗೆ ಬೇಕಾಗಿತ್ತು. ಮಾಸ್ತರ ಹೊಡೆಯಲಿಲ್ಲ. ಬಾನೆಟ್ ಎತ್ತಿ, ಚಿಕ್ಕ ಮೇಸ್ತ್ರಿ ಕುಸಿಯುವ ಮೊದಲೇ ಅವನನ್ನು ಎರಡೂ ತೋಳಲ್ಲಿ ಎತ್ತಿಕೊಂಡ. ತಪ್ಪಾಯ್ತು, ತಪ್ಪಾಯ್ತು ಎಂದು ಅವನ ಕಿವಿಯಲ್ಲಿ ಹೇಳುತ್ತ ಟೋಯಿಂಗ್ ಗಾಡಿಗೆ ಹತ್ತಿಸಿದ. ದೊಡ್ಡ ಮೇಸ್ತ್ರಿ ಹತ್ತಲು ಹೋದಾಗ ಡ್ರೈವರ್ ಜಾಗವಿಲ್ಲ ಎಂದ. ಜಾಗ ಇತ್ತು.

ಸ್ಕೂಟರಿನಲ್ಲಿ ಹಿಂದೆ ಹಿಂದೆ ಹೋದ ಅವನು ಆಸ್ಪತ್ರೆಯ ಒಳಗೆ ತಮ್ಮನ ಸ್ಟ್ರೆಚರ್ ಹಿಡಿದುಕೊಂಡ. ಹೆಬ್ಬೆಟ್ಟೂ ಅದರ ಪಕ್ಕದ ಬೆರಳೂ ಉಳಿಯುವುದಿಲ್ಲ ಎಂದು ಡಾಕ್ಟರು ಆಗಲೇ ಹೇಳಿಯಾಗಿತ್ತು. ತಮ್ಮನ ಮುಖ ಊದಿ ಗುರುತು ಸಿಗದ ಹಾಗಾಗಿತ್ತು. ಯಾಕೋ ನೀನು ಬಾಯಿ ಬಿಡಲಿಲ್ಲ ಎಂದು ಅಣ್ಣ ಅಳುತ್ತ ಕೇಳಿದ. ತಮ್ಮ ಒಡೆದ ತುಟಿಯಲ್ಲಿ ಒಂದೊಂದೇ ಮಾತು ಜೋಡಿಸಿದ.

"ಮೊದಲನೇ ಏಟಿಗೆ ನೀನು ಹೇಳ್ತೀಯ ಅನ್ಕೊಂಡೆ. ಎರಡನೇದಕ್ಕೂ ಕಾದೆ. ಆಮೇಲೆ ಎಣಿಸೋದು ಬಿಟ್ಟೆ, ಅಣ್ಣ."

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಅದೇ ಸಾಲಿನಲ್ಲಿ, ಮಗಳನ್ನು ಒಯ್ದಿದ್ದ ಬಾಗಿಲ ಹೊರಗೆ ಜಿಮ್ ಮಾಸ್ತರ ತಲೆ ಬಗ್ಗಿಸಿ ಬೆಂಚಿನ ಮೇಲೆ ಕೂತಿದ್ದ. ದೊಡ್ಡ ಮೇಸ್ತ್ರಿ ಅವನ ಎದುರು ಹೋಗಿ ನಿಂತರೂ ಅವನು ತಲೆ ಎತ್ತಲಿಲ್ಲ.

ಆ ಹೊತ್ತಿಗೆ ಕಾರಿಡಾರಿನ ತುದಿಯಲ್ಲಿ ತಮ್ಮನ ಹೆಂಡತಿ ಮಗುವಿನ ಕೈ ಹಿಡಿದು ಓಡಿಬರುವುದು ಕಾಣಿಸಿತು. ಅವನು ಅಡ್ಡ ಹೋಗಿ ನಿಂತ. ಮಾಡಿದ್ದು ನಾನು, ಹೊಡೆದವನು ಬೇರೆಯವನಾದರೂ ಹೊಡೆಸಿದವನು ನಾನೇ ಎಂದ. ಇಪ್ಪತ್ತು ವರ್ಷ ಕೊಟ್ಟ ಏಟಿನಲ್ಲಿ ಒಂದನ್ನಾದರೂ ವಾಪಸು ಕೊಡು ತಾಯಿ ಎಂದು ಅವಳೆದುರು ಕೆನ್ನೆ ಒಡ್ಡಿ, ಕಣ್ಣು ಮುಚ್ಚಿದ. ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಅವಳು ಮಗುವನ್ನು ತನ್ನ ಇನ್ನೊಂದು ಬದಿಗೆ, ಅವನಿಂದ ದೂರಕ್ಕೆ, ಸರಿಸಿಕೊಳ್ಳುತ್ತಿದ್ದಳು.

"ದಾರಿ ಬಿಡಿ, ಭಾವ," ಅಂದಳು.

ಅವನು ದಾರಿ ಬಿಟ್ಟ.