ಟೀವಿ ಮೇಲಿನ ಬುದ್ಧ

ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಚಂದ್ರಕಾಂತನ ಮನೆಯ ಟೀವಿ ಮೇಲೆ ಒಂದು ಬುದ್ಧನ ಮೂರ್ತಿ ಇತ್ತು. ಅದರ ಎಡಕ್ಕೆ ಪ್ಲಾಸ್ಟಿಕ್ ತಾಜಮಹಲು, ಬಲಕ್ಕೆ ಕೆಟ್ಟು ನಿಂತ ಅಲಾರಾಂ ಗಡಿಯಾರ. ಬಂದವರೆಲ್ಲ "ಚೆನ್ನಾಗಿದೆ ಶೋಪೀಸು, ಎಲ್ಲಿ ತಗೊಂಡ್ರಿ?" ಎಂದು ಕೇಳುವರು. "ಸರೋಜಿನಿ ನಗರದಲ್ಲಿ" ಎಂದು ಚಂದ್ರಕಾಂತ ತಟ್ಟನೆ ಹೇಳಿಬಿಡುವನು. ಆ ವರ್ಷಗಳಲ್ಲಿ ದೆಹಲಿಯವರಿಗೆ ಬುದ್ಧನನ್ನು ಅಲಂಕಾರಕ್ಕೆ ಇಡುವ ಹುಚ್ಚು ಹತ್ತಿತ್ತು. ಹೊಟ್ಟೆ ಬಿಟ್ಟುಕೊಂಡು ನಗುವವನೂ ಸಿಗುತ್ತಿದ್ದ, ಬರೀ ತಲೆ ಮಾತ್ರ ಇರುವವನೂ ಸಿಗುತ್ತಿದ್ದ. ನಿಜವಾದ ಬೌದ್ಧನೊಬ್ಬ ಬಚ್ಚಿಟ್ಟುಕೊಳ್ಳಲು ಅದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿರಲಿಲ್ಲ.

ಆ ಮೂರ್ತಿಯನ್ನು ಕೊಟ್ಟವನು ಗುಲಬರ್ಗಾದಲ್ಲಿದ್ದ ಅವನ ಅಪ್ಪ. ಮುದುಕ ಅಲ್ಲಿ ತನ್ನ ಮನೆಯ ಬಾಗಿಲಿಗೇ ಧಮ್ಮಚಕ್ರ ಬರೆಸಿಕೊಂಡು ರಾಜನ ಹಾಗೆ ಬದುಕುತ್ತಿದ್ದ. ಮಗನಿಗೆ ಮಾತ್ರ ಆ ಧೈರ್ಯ ಇರಲಿಲ್ಲ. ದೆಹಲಿಗೆ ಗುಮಾಸ್ತನಾಗಿ ಬಂದ ಹೊಸತರಲ್ಲಿ ಬಾಡಿಗೆ ಕೋಣೆಯ ಮಾಲೀಕ ಅವನ ಪೂರ್ತಿ ಹೆಸರು, ಕುಲ, ಹಿರಿಯರ ಕೆಲಸ ಎಲ್ಲವನ್ನೂ ನಯವಾಗಿ ವಿಚಾರಿಸಿದ್ದ. ಮರುವಾರವೇ, ಊರಿಂದ ಸೋದರಳಿಯ ಬರುತ್ತಾನೆ, ಕೋಣೆ ಖಾಲಿ ಮಾಡು ಅಂದಿದ್ದ. ಆ ಸೋದರಳಿಯ ಇವತ್ತಿನವರೆಗೂ ಬಂದಿಲ್ಲ. ಅಂದಿನಿಂದ ಚಂದ್ರಕಾಂತ ಜಾಣನಾದ. ಗುಲಬರ್ಗಾದ ಮಾತು ಬಿಟ್ಟು ಮೈಸೂರು ಕಡೆಯ ಕನ್ನಡ ರೂಢಿಸಿಕೊಂಡ. ಮಗಳಿಗೆ ಅಪ್ಪ ಹೇಳಿದ, ಬುದ್ಧನಿಗೆ ಪಾಯಸ ಕೊಟ್ಟವಳ ಹೆಸರಾದ ಸುಜಾತಾ ಬೇಡವೆಂದು, ಯಾರಿಗೂ ಏನೂ ತಿಳಿಯದಂಥ ಅದಿತಿ ಎಂಬ ಹೆಸರಿಟ್ಟ.

ಅದಿತಿಗೆ ಈಗ ಒಂಬತ್ತು. ಪ್ರಶ್ನೆ ಕೇಳುವುದರಲ್ಲಿ ಅವಳು ಪಾರ್ಲಿಮೆಂಟಿನ ವಿರೋಧ ಪಕ್ಷದವರನ್ನೂ ಮೀರಿಸುತ್ತಿದ್ದಳು. ಅಪ್ಪ, ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಶಾಲೆ ಬಿಟ್ಟ ಮೇಲೆ ಅವಳು ಮಹಡಿಯ ಸುಶೀಲಮ್ಮನ ಮನೆಯಲ್ಲಿರುತ್ತಿದ್ದಳು. ಮೈಸೂರಿನ ಸುಶೀಲಮ್ಮ ಅದಿತಿಯನ್ನು ತಮ್ಮ ಮಗ ಸುಹಾಸನ ಪಕ್ಕ ಕೂರಿಸಿ ತುಪ್ಪ ಅನ್ನ ಬಡಿಸುವರು, ಜಡೆ ಹಾಕುವರು, ಹೋಂವರ್ಕ್ ಮಾಡಿಸುವರು. ಪರವೂರಿನಲ್ಲಿ ಅಂಥ ನೆರೆಮನೆ ಸಿಕ್ಕಿದ್ದು ದೊಡ್ಡ ಪುಣ್ಯವೆಂದು ಚಂದ್ರಕಾಂತನ ಹೆಂಡತಿ ರತ್ನಾ ನೂರು ಸಲ ಹೇಳಿದ್ದಳು. ಆ ಪುಣ್ಯ ಎಲ್ಲಿ ಕೈತಪ್ಪುತ್ತದೋ ಎಂಬ ಭಯವೂ ಇಬ್ಬರಿಗೂ ಅಷ್ಟೇ ಇತ್ತು.

ಜನವರಿಯ ಒಂದು ಸಂಜೆ ಅದಿತಿ ಮಹಡಿಯಿಂದ ಇಳಿದು ಬಂದವಳೇ ಕೇಳಿದಳು.

"ಅಪ್ಪಾ, ನಮ್ಮ ಮನೆದೇವರು ಕೌನ್ ಹೈ? ಆಂಟಿ ಕೇಳಿದ್ರು. ಅವರದು ತಿರುಪತಿ ತಿಮ್ಮಪ್ಪ ಅಂತೆ."

ಚಂದ್ರಕಾಂತ ಓದುತ್ತಿದ್ದ ಪೇಪರು ಮಡಚಿಟ್ಟ. ನಮ್ಮ ಜನ ಜಾತಿಯನ್ನು ಬಾಯಿಬಿಟ್ಟು ಕೇಳುವುದಿಲ್ಲ, ಮನೆದೇವರನ್ನು ಕೇಳುತ್ತಾರೆ. ಉಳಿದದ್ದು ತಾನೇ ಗೊತ್ತಾಗುತ್ತದೆ. ಸುಶೀಲಮ್ಮ ಬೇಕೆಂದೇ ಕೇಳಿರಲಾರರು. ಆದರೆ ಮಗಳು ಕೇಳಿದ್ದಾಳೆ, ಉತ್ತರ ಸಿಗುವ ತನಕ ಬಿಡುವವಳಲ್ಲ. ಆ ರಾತ್ರಿ ಗಂಡ ಹೆಂಡತಿ ಗುಸುಗುಸು ಮಾತಾಡಿ, ಇನ್ನು ಮಗುವಿಗೆ ಹೇಳಲೇಬೇಕು ಎಂದು ನಿರ್ಧರಿಸಿದರು.

ಭಾನುವಾರ ಚಂದ್ರಕಾಂತ ಮಗಳನ್ನು ಆಟೋದಲ್ಲಿ ಬುದ್ಧ ಜಯಂತಿ ಪಾರ್ಕಿಗೆ ಕರೆದುಕೊಂಡು ಹೋದ. ಮಂಜು ಕರಗಿ ಎಳೆಬಿಸಿಲು ಬಿದ್ದಿತ್ತು. ನೀರಿನ ನಡುವಿನ ಮಂಟಪದಲ್ಲಿ ಬುದ್ಧ ಕಣ್ಣು ಮುಚ್ಚಿ ಕೂತಿದ್ದ. ಪೊದೆ ಪೊದೆಗೊಂದು ಪ್ರೇಮಿಗಳ ಜೋಡಿ ಕೂತಿತ್ತು. ಅವರ ಕಡೆ ನೋಡದಂತೆ ಮಗಳ ಮುಖ ತಿರುಗಿಸುವುದೇ ಅಪ್ಪನಿಗೆ ಒಂದು ಕೆಲಸವಾಯಿತು. ಹುಲ್ಲಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಾ ಅವನು ರಾಜಕುಮಾರನ ಕಥೆ ಹೇಳಿದ. ಅವನು ಮುದುಕನನ್ನು ಕಂಡದ್ದು, ರೋಗಿಯನ್ನು ಕಂಡದ್ದು, ಹೆಣವನ್ನು ಕಂಡದ್ದು, ಅರಮನೆ ಬಿಟ್ಟದ್ದು, ಅರಳಿ ಮರದ ಕೆಳಗೆ ಕೂತದ್ದು.

"ಇವರು ಭಗವಾನಾ?"

"ಅಲ್ಲ. ಗುರು."

"ಎಗ್ಸಾಮಲ್ಲಿ ಪಾಸ್ ಮಾಡಿಸ್ತಾರಾ?"

"ಇಲ್ಲ. ನೀನೇ ಓದಬೇಕು."

"ತಪ್ಪು ಮಾಡಿದ್ರೆ ಮಾಫ್ ಮಾಡ್ತಾರಾ?"

"ಇಲ್ಲ. ನೀನೇ ತಿದ್ದಿಕೊಳ್ಳಬೇಕು."

"ಫಿರ್ ಇವರು ಮಾಡೋದೇನು?"

ಚಂದ್ರಕಾಂತನಿಗೆ ನಗು ಬಂತು. ಅವನೂ ಚಿಕ್ಕಂದಿನಲ್ಲಿ ಅಪ್ಪನನ್ನು ಇದನ್ನೇ ಕೇಳಿ ಬೈಸಿಕೊಂಡಿದ್ದ. "ದಾರಿ ತೋರಿಸ್ತಾರೆ. ನಡೆಯೋದು ನಮ್ಮ ಕೆಲಸ" ಅಂದ. ಆಮೇಲೆ ಪಂಚಶೀಲ ಹೇಳಿಕೊಟ್ಟ. ಕೊಲ್ಲಬಾರದು, ಕದಿಯಬಾರದು, ಕೆಟ್ಟ ನಡತೆ ಬೇಡ, ಸುಳ್ಳಾಡಬಾರದು, ಕುಡಿಯಬಾರದು. ಹುಡುಗಿ ಬೆರಳು ಮಡಚಿಕೊಂಡು ಬಾಯಿಪಾಠ ಮಾಡಿದಳು. "ನಾವು ಬೌದ್ಧರು" ಎಂದು ಎರಡು ಸಲ ಹೇಳಿ ನೋಡಿಕೊಂಡಳು. ಹೊಸ ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ನಡೆದು ನೋಡುವವರ ಹಾಗಿತ್ತು ಅದು. ಚಂದ್ರಕಾಂತನಿಗೆ ಬಹಳ ಸಂತೋಷವಾಯಿತು. ಎಷ್ಟೋ ವರ್ಷಗಳಿಂದ ಆ ಮಾತನ್ನು ಅವನು ಅಷ್ಟು ಗಟ್ಟಿಯಾಗಿ ಕೇಳಿರಲಿಲ್ಲ.

ಅಲ್ಲಿಗೇ ಸುಮ್ಮನಿರಬಹುದಿತ್ತು. ವಾಪಸ್ ಬರುವಾಗ ಆಟೋದಲ್ಲಿ ಅವನ ಹಳೆಯ ಭಯ ತಲೆ ಎತ್ತಿತು. "ಇದನ್ನ ಮಹಡಿ ಮನೇಲಿ ಹೇಳಬೇಡ ಪುಟ್ಟಿ" ಅಂದ.

"ಯಾಕೆ? ಬೌದ್ಧರಾಗೋದು ಗಂದಾನಾ, ಗಲೀಜಾ?"

"ಹಾಗಲ್ಲ. ಸುಮ್ನೆ. ಅವರು ಕೇಳಿದ್ರೆ ಶೋಪೀಸ್ ಅನ್ನು."

ಅದಿತಿ ಮಡಚಿದ್ದ ಬೆರಳುಗಳನ್ನು ಒಮ್ಮೆ ನೋಡಿಕೊಂಡಳು. ಮತ್ತೆ ಪ್ರಶ್ನೆ ಕೇಳಲಿಲ್ಲ. ಅವಳು ಪ್ರಶ್ನೆ ಕೇಳದೆ ಬಿಟ್ಟದ್ದು ಅದೇ ಮೊದಲು.

ಸಂಕ್ರಾಂತಿಯ ಸಂಜೆ ಸುಶೀಲಮ್ಮ ರೇಷ್ಮೆ ಸೀರೆ ಉಟ್ಟು ಎಳ್ಳು ಬೆಲ್ಲ ಬೀರಲು ಕೆಳಗೆ ಬಂದರು. ರತ್ನಾಳಿಗೆ ಕುಂಕುಮ ಹಚ್ಚಿದರು, ಅದಿತಿಯ ಬಾಯಿಗೆ ಸಕ್ಕರೆ ಅಚ್ಚು ಇಟ್ಟರು, ಕಾಫಿಗೆ ಕೂತರು.

"ನಾಳೆ ಆರ್.ಕೆ. ಪುರಂ ದೇವಸ್ಥಾನಕ್ಕೆ ಹೋಗ್ತಿದ್ದೀನಿ. ಮಕ್ಕಳಿಬ್ಬರ ಹೆಸರಲ್ಲೂ ಒಂದೊಂದು ಅರ್ಚನೆ ಮಾಡಿಸ್ತೀನಿ. ಸುಹಾಸನ ಹಾಗೇ ಇವಳೂ ನಂಗೆ. ನಿಮ್ಮ ಗೋತ್ರ ಯಾವುದು, ಮನೆದೇವರು ಯಾರು, ಅಷ್ಟು ಹೇಳಿಬಿಡಿ."

ಪ್ರಶ್ನೆ ಅಷ್ಟು ಪ್ರೀತಿಯಿಂದ ಬಂದಿತ್ತು; ಚಂದ್ರಕಾಂತ ಟೀವಿಯ ಕಡೆ ನೋಡಿದ. ಅಷ್ಟರಲ್ಲಿ ಅದಿತಿ ಮುಂದೆ ಬಂದಳು.

"ನಮ್ದೂ ತಿರುಪತಿ ತಿಮ್ಮಪ್ಪಾನೇ, ಆಂಟಿ. ಬುದ್ಧ ಬರೀ ಶೋಪೀಸು. ಸರೋಜಿನಿ ನಗರದಲ್ಲಿ ತಗೊಂಡಿದ್ದು."

ಎಳ್ಳಷ್ಟೂ ತಡವರಿಸಲಿಲ್ಲ. ಹೇಳಿ, ಹೇಗಿತ್ತು ಎಂಬಂತೆ ಅಪ್ಪನ ಮುಖ ನೋಡಿದಳು. ಅದೇ ದನಿ, ಅದೇ ತಟ್ಟನೆ ಬರುವ ಮಾತು, ಕೊನೆಗೆ ಅವನದೇ ಸಣ್ಣ ನಗು. ಹೀಗೆ ಮುಂದೆ ಎಲ್ಲಿ ಹೋದರೂ, ಯಾರು ಕೇಳಿದರೂ ಇವಳು ಹೇಳುತ್ತಾ ಹೋಗುತ್ತಾಳೆ ಎಂಬುದು ಚಂದ್ರಕಾಂತನಿಗೆ ಕಣ್ಣಿಗೆ ಕಟ್ಟಿತು. ಅವನಿಗೆ ನಾಚಿಕೆಯಾಯಿತು.

"ಅಕಿ ಸುಳ್ಳು ಹೇಳ್ಯಾಳ್ರೀ ಅಮ್ಮಾರ" ಅಂದ. ಬಾಯಿಂದ ಬಂದದ್ದು ಗುಲಬರ್ಗಾದ ಮಾತೇ. "ಅಕೀದು ತಪ್ಪಿಲ್ಲ, ನಾನೇ ಕಲಿಸೀನಿ. ಅದು ಶೋಪೀಸ್ ಅಲ್ರೀ. ನಮಗ ಗೋತ್ರ ಇಲ್ಲ, ಮನೆದೇವರೂ ಇಲ್ಲ. ನಾವು ಬೌದ್ಧರಿದ್ದೀವಿ. ನಮ್ಮಪ್ಪನ ಕಾಲದಿಂದ."

ರತ್ನಾ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದಳು. ಸುಶೀಲಮ್ಮ ಬುದ್ಧನನ್ನು ನೋಡಿದರು, ಕೈಯಲ್ಲಿದ್ದ ಲೋಟವನ್ನು ನೋಡಿದರು. "ಓ... ಹಾಗಾ" ಅಂದರು. ಕಾಫಿಯನ್ನು ಬಿಡದೆ ಕುಡಿದರು. ಅದಿತಿಯ ಕೆನ್ನೆ ತಟ್ಟಿ, "ನಾಳೆ ಸ್ಕೂಲ್ ಬಿಟ್ಟ ಕೂಡಲೇ ಬಾಮ್ಮ" ಎಂದು ಹೇಳಿ ಮೆಟ್ಟಿಲು ಹತ್ತಿ ಹೋದರು.

ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಮರುದಿನ ಮಧ್ಯಾಹ್ನ ಚಂದ್ರಕಾಂತ ಆಫೀಸಿನಿಂದ ಮಹಡಿ ಮನೆಗೆ ಫೋನ್ ಮಾಡಿದರೆ ಅದಿತಿಯೇ ಎತ್ತಿಕೊಂಡಳು. "ಊಟ ಆಯ್ತಪ್ಪಾ, ಕ್ಯಾರಂ ಆಡ್ತಿದ್ದೀವಿ" ಅಂದಳು. ಇಷ್ಟು ಒಳ್ಳೆಯ ಜನರಿಗೆ ಇಷ್ಟು ವರ್ಷ ಹೆದರಿದೆನಲ್ಲ, ನನ್ನಂಥ ಪೆದ್ದ ಇನ್ನೊಬ್ಬನಿಲ್ಲ ಎಂದು ಅವನು ತನ್ನನ್ನು ತಾನೇ ಬೈದುಕೊಂಡ. ಬರುವಾಗ ಅರ್ಧ ಕಿಲೋ ಗಜಕ್, ಅಲ್ಲಿಯ ಎಳ್ಳಿನ ಮಿಠಾಯಿ, ಕಟ್ಟಿಸಿಕೊಂಡು ಬಂದ.

ಅದಿತಿ ಗಜಕ್ ಕಡಿಯುತ್ತಾ ಸಂಭ್ರಮದಿಂದ ಹೇಳಿದಳು. "ಅಪ್ಪಾ, ಗೊತ್ತಾ? ಆಂಟಿ ನಂಗೇ ಅಂತ ಹೊಸ ತಟ್ಟೆ, ಹೊಸ ಲೋಟ ತಂದಿದ್ದಾರೆ! ಸುಹಾಸ್ ಕೂಡ ಅದನ್ನ ಮುಟ್ಟೋ ಹಾಗಿಲ್ಲ. ಒಳಗೆ ಎಲ್ಲದರ ಜೊತೆ ಇಡಲ್ಲ, ಬಾಲ್ಕನೀಲೇ ಸ್ಪೆಷಲ್ ಜಾಗ. ನಾನೇ ತೊಳೆದು ಇಟ್ಟು ಬಂದೆ."

ರತ್ನಾಳ ಕಣ್ಣು ತುಂಬಿ ಬಂತು. ಚಂದ್ರಕಾಂತ ಮತ್ತೆ ಸುಳ್ಳು ಹೇಳಬಹುದಿತ್ತು; ಮಗು ಖುಷಿಯಾಗಿಯೇ ಇತ್ತು. ಅವನು ಅವಳನ್ನು ಹತ್ತಿರ ಕರೆದು ಮಡಿಲಲ್ಲಿ ಕೂರಿಸಿಕೊಂಡ.

"ನಿನ್ನ ತಾತಗೂ ಬ್ಯಾರೆ ಲೋಟ ಇತ್ತವ್ವ. ಸಾಲ್ಯಾಗ. ಅದನ್ನ ಗ್ವಾಡಿ ಹೊರಗ ಇಡತಿದ್ರು. ಬ್ಯಾರೆಯವರ ಲೋಟ ತಾತ ಮುಟ್ಟಿದರ ಮೈಲಿಗಿ ಅಂತಿದ್ರು."

"ಗಂದಾ ಆಗುತ್ತೆ ಅಂತಾನಾ?" ಅದಿತಿ ಅಗಿಯುವುದನ್ನು ನಿಲ್ಲಿಸಿದಳು. ಮಹಡಿಯ ಕಡೆ ಒಮ್ಮೆ ನೋಡಿದಳು. "ತಾತ ಏನು ಮಾಡಿದ್ರು?"

"ದೊಡ್ಡವ ಆದ ಮ್ಯಾಲ ರೈಲು ಹತ್ತಿ ನಾಗಪುರಕ್ಕ ಹೋದ. ಲಕ್ಷಾಂತರ ಮಂದಿ ಕೂಡ ನಿಂತು ಬೌದ್ಧ ಆದ. ಮುಂದ ಯಾರ ಮನ್ಯಾಗೂ ಬ್ಯಾರೆ ಲೋಟದಾಗ ನೀರು ಕುಡೀಲಿಲ್ಲ."

ಈ ಕಥೆಯಲ್ಲಿ ಅರಮನೆ ಇರಲಿಲ್ಲ, ಆದರೂ ಹುಡುಗಿ ಪಾರ್ಕಿನಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಗಮನವಿಟ್ಟು ಕೇಳಿದಳು.

"ಆಂಟಿ ಮೇಲೆ ಗುಸ್ಸಾ ಮಾಡ್ಕೋಬೇಕಾ?"

"ಬ್ಯಾಡ. ಸಿಟ್ಟು ಇಟ್ಕೋಬ್ಯಾಡ."

"ಊಟ?"

ಅದನ್ನು ಹೇಳಬೇಕಾದವಳು ಅವಳೇ ಎಂದು ಚಂದ್ರಕಾಂತನಿಗೆ ಅನ್ನಿಸಿತು. ಅದಿತಿ ತುಪ್ಪ ಅನ್ನವನ್ನೂ ಕ್ಯಾರಂ ಬೋರ್ಡನ್ನೂ ನೆನೆಸಿಕೊಂಡಳೋ ಏನೋ, ಕಣ್ಣೊರೆಸಿಕೊಂಡು ಅಪ್ಪನ ಮಡಿಲಿಂದ ಇಳಿದಳು.

"ಗುಸ್ಸಾನೂ ಬೇಡ, ಊಟಾನೂ ಬೇಡ" ಅಂದಳು. "ಅಮ್ಮಾ, ನಾಳೆಯಿಂದ ನಂಗೆ ಮನೆ ಚಾಬಿ ಕೊಡು."