ಖಂಡೇಪೂಜೆಯ ದುರ್ಬೀನು

ಬೀರುವಿನ ಕೀಲಿ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಗದಿಗೆಪ್ಪ ಮಾಸ್ತರರು ಕೊಬ್ಬರಿ ಎಣ್ಣೆ ಬಿಟ್ಟರು, ಊದಿದರು, ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿದರು. ಏಳನೆಯ ಇಯತ್ತೆಯ ಹಾಲವ್ವ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು.

"ಸರ್ರ, ಲಾರಿ ಬರೂ ಹೊತ್ತಾತ್ರಿ. ಅವ್ವ ಕೆಳಗ ಗಂಟು ಇಟಗೊಂಡು ಕುಂತಾಳ್ರಿ."

"ಬಂತವಾ, ಬಂತು. ಈ ಮುಂಬೈ ಗಾಳಿ ಕಬ್ಬಿಣಾನೂ ತಿಂತೈತಿ ನೋಡು."

ಸಯನ್ ಸ್ಟೇಷನ್ನಿನ ಮಗ್ಗುಲಲ್ಲಿ ಏಳುತ್ತಿದ್ದ ಬಿಲ್ಡಿಂಗು ಮುಗಿದಿತ್ತು. ಮುಕಾದಮ ಕೂಲಿಯವರನ್ನೆಲ್ಲ ಆ ಸಂಜೆಯೇ ಮುಲುಂಡಿಗೆ ಸಾಗಿಸುವವನಿದ್ದ. ಅಲ್ಲಿ ಇನ್ನೊಂದು ಬಿಲ್ಡಿಂಗು. ಮಧ್ಯಾಹ್ನ ಹಾಲವ್ವ ಪಾಟಿಚೀಲವನ್ನು ವರ್ಗದ ಗೆಳತಿಗೆ ಕೊಟ್ಟದ್ದನ್ನು ಕಂಡು ಮಾಸ್ತರರು ಕೇಳಿದ್ದರು: "ಅಲ್ಲಿ ಸಾಲಿಗೆ ಹೋಗೂದಿಲ್ಲೇನವಾ?"

"ನನ್ನ ಹೆಸರೂ ಕೆಲಸಕ್ಕ ಹಚ್ಯಾರ್ರಿ, ಉಸುಕು ಹೊರೂದಕ್ಕ." ಹುಡುಗಿಯ ದನಿಯಲ್ಲಿ ದುಃಖವೇನೂ ಇರಲಿಲ್ಲ. "ಸರ್ರ, ದುರ್ಬೀನು ಮಾತ್ರ ತೋರಸಲೇ ಇಲ್ಲ ನೋಡ್ರಿ ನೀವು."

ಆ ಮಾತು ಮಾಸ್ತರರ ಎದೆಗೆ ನಾಟಿತು. ಸಂಜೆ ಚಂದ್ರ ಬರುವ ಹೊತ್ತಿಗೆ ಬಾ ಎಂದು ತಾವೇ ಹೇಳಿ ಕಳಿಸಿದ್ದರು.

ನಾಲ್ಕು ವರ್ಷಗಳ ಹಿಂದೆ, ಎಪ್ಪತ್ತಮೂರರಲ್ಲಿ, ಶಿಕ್ಷಕರಿಗಾಗಿ ನಡೆದ ಬಾಹ್ಯಾಕಾಶ ವಿಜ್ಞಾನ ಶಿಬಿರಕ್ಕೆ ಮುನಸಿಪಾಲಿಟಿಯ ಕನ್ನಡ ಶಾಲೆಗಳ ಪೈಕಿ ಅವರೊಬ್ಬರೇ ಹೋಗಿದ್ದರು. ರಾಕೆಟ್ಟು, ಉಪಗ್ರಹ, ಗ್ರಹಗಳ ಸುತ್ತಾಟ ಎಲ್ಲವನ್ನೂ ಕಲಿತರು. ಒಂದು ಸಂಜೆ ದುರ್ಬೀನಿನಲ್ಲಿ ಚಂದ್ರನನ್ನು ನೋಡಿದರು. ತಗ್ಗುಗಳು, ಗುಡ್ಡಗಳು, ಗುಡ್ಡಗಳ ನೆರಳು! ಐವತ್ತರ ಹತ್ತಿರ ಬಂದ ಗಂಡಸು, ಹಿಂದೆ ಸಾಲು ಹಚ್ಚಿ ನಿಂತವರಿಗೆ ಕಣ್ಣೀರು ಕಂಡೀತೆಂದು ಅಲ್ಲಿಂದ ಬೇಗ ಸರಿದುಬಿಟ್ಟರು. ಬೀಳ್ಕೊಡುವ ದಿನ ಪ್ರತಿ ಶಾಲೆಗೂ ಒಂದು ಸಣ್ಣ ದುರ್ಬೀನು ಕೊಟ್ಟರು. ಕಲಿಸಿದ ವಿನೋದಿನಿಬಾಯಿ, "ಮಕ್ಕಳ ಕೈಗೆ ಕೊಡಿ, ಬೀರುವಿನಲ್ಲಿ ಇಡಬೇಡಿ" ಎಂದು ಮೂರು ಭಾಷೆಗಳಲ್ಲಿ ಹೇಳಿದ್ದರು. ಮಾಸ್ತರರಿಗೆ ಮೂರೂ ತಿಳಿದಿದ್ದವು.

ಆದರೆ ಹೆಡ್‌ಮಾಸ್ತರರು ಅದನ್ನು ನೋಡಿದ್ದೇ, "ಗಾಜಿನ ಸಾಮಾನು ಗದಿಗೆಪ್ಪ, ಒಡದರ ನೀವ ಹೊಣಿ" ಎಂದುಬಿಟ್ಟರು. ಅಷ್ಟು ಸಾಕಾಯಿತು. ಮಾಸ್ತರರ ಹೆಂಡತಿ ಕಸ್ತೂರಿಬಾಯಿ ಕೊಟ್ಟ ಖಣದ ಬಟ್ಟೆಯಲ್ಲಿ ದುರ್ಬೀನನ್ನು ಸುತ್ತಿ ಬೀರುವಿನ ಮೇಲಿನ ಅರೆಯಲ್ಲಿಟ್ಟರು. ವರ್ಷಕ್ಕೊಮ್ಮೆ ದಸರೆಯ ಖಂಡೇಪೂಜೆಗೆ ಅದು ಹೊರಗೆ ಬರುತ್ತಿತ್ತು. ಶಾಲೆಯ ಗಂಟೆ, ತಕ್ಕಡಿ, ಕೈಪೆಟ್ಟಿಗೆಯ ಸಾಲಿನಲ್ಲಿ ಅದಕ್ಕೇ ಅಗ್ರಸ್ಥಾನ. ಮಾಸ್ತರರು ತಾವೇ ಮುಂದಾಗಿ ಅದರ ಗಾಜಿಗೆ ಗಂಧ ಹಚ್ಚಿ, ನಡುವೆ ಕುಂಕುಮವಿಟ್ಟು, ಮೇಲೆ ನೀರು ಚಿಮುಕಿಸಿ, ಚೆಂಡುಹೂವು ಏರಿಸುತ್ತಿದ್ದರು. ಮಕ್ಕಳು ಕೈ ಮುಗಿಯುತ್ತಿದ್ದವು. ಮರುದಿನ ಮತ್ತೆ ಖಣ, ಮತ್ತೆ ಬೀರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಆ ಪೂಜಾರಿ ಇವರೇ.

ಕೈ ಮುಗಿದು ಸುಮ್ಮನಾಗದವಳು ಹಾಲವ್ವ ಒಬ್ಬಳೇ. ಚಂದ್ರನ ಮೇಲೆ ಮನುಷ್ಯರು ಕಾಲಿಟ್ಟು ಬಂದರು, ಅಲ್ಲಿ ಮೊಲವೂ ಇಲ್ಲ ಗಿಲವೂ ಇಲ್ಲ, ಬರೀ ತಗ್ಗು ಎಂದು ಮಾಸ್ತರರು ಪಾಠ ಮಾಡಿದ ದಿನ ಅವಳು ಎದ್ದು ನಿಂತಿದ್ದಳು. "ನಮ್ಮವ್ವ ಮೊಲ ಐತಿ ಅಂತಾಳ್ರಿ. ದುರ್ಬೀನಿನ್ಯಾಗ ನೋಡಿ ಹೇಳ್ತೀನಂತ ಆಕಿಗೆ ಮಾತ ಕೊಟ್ಟೀನ್ರಿ." ಮಾಸ್ತರರು ನಕ್ಕು, ಮುಂದಿನ ಶನಿವಾರ ಎಂದರು. ಆ ಶನಿವಾರ ಮೋಡ. ಮುಂದೆ ಪರೀಕ್ಷೆ, ಅದರ ಮುಂದೆ ಇನ್ಸ್‌ಪೆಕ್ಷನ್. ನಿಜ ಹೇಳಬೇಕೆಂದರೆ ಮೋಡವೂ ಅಲ್ಲ, ಪರೀಕ್ಷೆಯೂ ಅಲ್ಲ, ಅಂಜಿಕೆ. ಒಂದು ಗಾಜಿನ ತುಂಡಿಗೆ ಅಂಜಿ ಮಗುವನ್ನು ಎರಡು ವರ್ಷ ಕಾಯಿಸಿದ್ದೆನಲ್ಲ ಎಂದು ಈಗ ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

ಕೀಲಿ ಕಟಕ್ ಎಂದು ಬಿಚ್ಚಿತು.

ಶಾಲೆಯ ಗಚ್ಚಿಯ ಮೇಲೆ ಇನ್ನೂ ಬೆಳಕಿತ್ತು. ಹೋಳಿ ಹುಣ್ಣಿಮೆ ಎರಡು ದಿನ ಮುಂದಿತ್ತು. ಚೂನಾಭಟ್ಟಿಯ ಕಡೆ ಚಂದ್ರ ಆಗಲೇ ಮೇಲೆ ಬಂದಿದ್ದ. ಖಣ ಬಿಚ್ಚಿದಾಗ ಮುಗ್ಗಲು ವಾಸನೆ ಬಡಿಯಿತು. ಗಾಜಿನ ಮೇಲೆ ದಸರೆಯ ಗಂಧ ಹೆಪ್ಪುಗಟ್ಟಿತ್ತು. ಮಾಸ್ತರರು ಧೋತರದ ಚುಂಗನ್ನು ಬಾಯಿಯ ಹಬೆಯಿಂದ ತೇವ ಮಾಡಿ ಒರೆಸಿದರು. ಕುಂಕುಮ ಹೋಯಿತು. ಮೂರುಗಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನನ್ನು ಕೂರಿಸಿ, ಕೊಳವೆಯ ಬೆನ್ನಿನ ನೇರಕ್ಕೆ ಚಂದ್ರನನ್ನು ಹಿಡಿದು ಹಿಂದೆ ಸರಿದರು. ತಾವು ಮೊದಲು ನೋಡಬೇಕೆಂಬ ಆಸೆ ಬಂತು, ಅದನ್ನು ನುಂಗಿಕೊಂಡರು. ಇಷ್ಟಾದರೂ ಮಾಡೋಣ ಎನಿಸಿತ್ತು.

"ನೀನ ಮೊದಲ ನೋಡವಾ. ಈ ತಿರುಪು ಸಾವಕಾಶ ತಿರುಗಸು."

ಹಾಲವ್ವ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಬಾಗಿದಳು. ತಿರುಪನ್ನು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ಮಾಸ್ತರರು ಅವಳ ಬೆನ್ನನ್ನೇ ನೋಡುತ್ತ ನಿಂತರು.

"ಸಿಕ್ತೇನು?"

"ಬೆಳಕ ಐತ್ರಿ."

"ಹಾಂ! ಅದ ಚಂದ್ರ. ತಗ್ಗು ಕಾಣಸ್ತಾವೇನು?"

ಅವಳು ಕಣ್ಣು ಕೀಳದೆ ಕೇಳಿದಳು: "ತಗ್ಗು ಅಂದ್ರ ಗುಂಡಗ ಇರ್ತಾವೇನ್ರಿ?"

"ಗುಂಡಗ, ಗುಂಡಗ! ಒತ್ತಟ್ಟಿಗೆ ಸಣ್ಣಾವು, ಒತ್ತಟ್ಟಿಗೆ ದೊಡ್ಡಾವು. ಅಂಚಿಗೆ ಗುಡ್ಡದ ನೆರಳ ನೋಡು!"

ಹಾಲವ್ವ ತಲೆಯೆತ್ತಿ ಮಾಸ್ತರರ ಮುಖ ನೋಡಿದಳು. ಆ ಮುಖ ಜಾತ್ರೆಯಲ್ಲಿ ಕೂಸಿಗೆ ಪೀಪಿ ಕೊಡಿಸಿದ ಅಪ್ಪನ ಮುಖದ ಹಾಗೆ ಅರಳಿತ್ತು. ಅವಳು ಮತ್ತೊಮ್ಮೆ ಬಾಗಿದಳು.

"ಹೌದ್ರಿ ಸರ್ರ. ಗುಂಡಗ ಕಾಣಾಕತ್ತಾವ್ರಿ. ನೆರಳೂ ಐತ್ರಿ. ಭಾಳ ಚಂದ ಐತ್ರಿ."

ಕೆಳಗೆ ಲಾರಿಯ ಹಾರ್ನು ಕೂಗಿತು. "ಹಾಲೀ, ಬಾರೇ!" ಎಂದು ಅವಳ ತಾಯಿ ಮಲ್ಲಕ್ಕ ಕರೆದಳು. ಹಾಲವ್ವ ಮಾಸ್ತರರ ಕಾಲು ಮುಟ್ಟಿ ನಮಸ್ಕರಿಸಿ, ದಡದಡನೆ ಮೆಟ್ಟಿಲಿಳಿದು ಹೋದಳು.

ಮಾಸ್ತರರ ಎದೆ ಹಗುರಾಗಿತ್ತು. ತಡವಾದರೂ ಮಾತು ಉಳಿಯಿತಲ್ಲ ಎಂದುಕೊಂಡು ತಾವೂ ಕಣ್ಣಿಟ್ಟರು.

ಒಳಗೆ ಬರೀ ಬಿಳುಪು. ಮಂಜಿನಂಥ ಬಿಳುಪು, ಅದರ ತುಂಬ ಬೇರಿನ ಎಳೆಗಳ ಹಾಗೆ ಹಬ್ಬಿದ ಬೂಸರು. ತಿರುಪು ತಿರುಗಿಸಿದರು, ಗಾಜು ಒರೆಸಿದರು, ಮತ್ತೆ ನೋಡಿದರು. ಬೂಸರು ಇದ್ದದ್ದು ಗಾಜಿನ ಒಳಮಗ್ಗುಲಿಗೆ. ಮಳೆಗಾಲಗಳ ತೇವವೂ ದಸರೆಗಳ ಗಂಧದ ನೀರೂ ಸೇರಿ ಅದನ್ನು ಬೆಳೆಸಿದ್ದವು. ತಗ್ಗಿಲ್ಲ, ಗುಡ್ಡವಿಲ್ಲ, ನೆರಳಂತೂ ಇಲ್ಲವೇ ಇಲ್ಲ. ಗುಂಡಗ ಇರ್ತಾವೇನ್ರಿ ಎಂದು ಅವಳು ಯಾಕೆ ಕೇಳಿದಳೆಂಬುದು ಆಗ ಅವರಿಗೆ ಹೊಳೆಯಿತು.

ಕೂಗಿ ಕರೆಯಬೇಕೆಂದು ಗಚ್ಚಿಯ ಕಟ್ಟೆಗೆ ಓಡಿದರು. ಕೆಳಗೆ ಲಾರಿಯಲ್ಲಿ ಸಲಿಕೆ, ಬುಟ್ಟಿ, ಪಾತ್ರೆಗಳ ನಡುವೆ ಜನ ಕಿಕ್ಕಿರಿದಿದ್ದರು. ಮಲ್ಲಕ್ಕ ಮಗಳನ್ನು ತೋಳು ಹಿಡಿದು ಮೇಲೆಳೆದುಕೊಳ್ಳುತ್ತ ಕೇಳುತ್ತಿದ್ದಳು: "ಕಂಡ್ತೇನ ನಿನ್ನ ಚಂದ್ರ? ಮೊಲ ಐತೋ ಇಲ್ಲೋ?"

"ಇಲ್ಲಬೇ. ಬರೇ ತಗ್ಗು, ಗುಂಡನ್ನ ತಗ್ಗು. ಸರ್ರು ಹೇಳಿದ್ದ ಖರೇ ಐತಿ."

ಕೂಗಲೆಂದು ಕಟ್ಟೆಯ ಮೇಲೆ ಬಾಗಿದ್ದ ಮಾಸ್ತರರು ನೆಟ್ಟಗೆ ನಿಂತರು. ಲಾರಿ ಹೊಗೆ ಬಿಟ್ಟು ಮುಲುಂಡಿನ ದಾರಿ ಹಿಡಿಯಿತು. ಹಾಲವ್ವ ಹಿಂದೆ ತಿರುಗಿ ಕೈಯೆತ್ತಿದಳು. ಅವರೂ ಕೈಯೆತ್ತಿದರು. ಹಿಡಿದಿದ್ದ ಧೋತರದ ಚುಂಗಿನಲ್ಲಿ ಕುಂಕುಮ ಕೆಂಪಗೆ ಮೆತ್ತಿತ್ತು.

ಕತ್ತಲಾಗುವವರೆಗೂ ಅವರು ಅಲ್ಲಿಯೇ ನಿಂತಿದ್ದರು. ಚಂದ್ರ ಮೇಲೇರಿದ್ದ. ಬರಿಗಣ್ಣಿಗೆ ಮೊಲ ಸ್ಪಷ್ಟವಾಗಿ ಕಾಣುತ್ತಿತ್ತು.