ಮಂಜೂರಾದ ಮರದ ನೆಲ

ಕಾವಲಿ ಚುಂಯ್ ಎಂದಿತು, ಸದ್ಯ, ಇದು ಏಳುತ್ತದೆ, ಮೊದಲನೆಯದು ಏಳಲಿಲ್ಲ, ಮೊದಲನೆಯದು ಯಾರ ಮನೆಯಲ್ಲಿ ಎದ್ದಿದೆ, ಅದನ್ನು ನಾನೇ ನಿಂತಲ್ಲಿ ತಿಂದು ಮುಗಿಸಿದೆ — ಇದು ಆರನೆಯದೋ ಏಳನೆಯದೋ, ಎಣಿಸಬಾರದು ಮನೋರಮಾ, ತಿನ್ನುವವರ ದೋಸೆ ಎಣಿಸಿದರೆ ದೃಷ್ಟಿಯಾಗುತ್ತದೆ, ತಿನ್ನಲಿ ಪಾಪ, ಆರಡಿ ಎರಡಿಂಚಿನ ದೇಹಕ್ಕೆ ಬೇಡವೇ, ನೈರೋಬಿಯಿಂದ ಬಂದಿಳಿದು ಕರೋಲ್ ಬಾಗಿನ ಹೋಟೆಲಿನಲ್ಲಿ ನಾಲ್ಕು ದಿನ ಬರೀ ಬ್ರೆಡ್ಡು ಜಾಮು ತಿಂದಿದೆ ಹುಡುಗಿ, ಹತ್ತೊಂಬತ್ತೇ ವರ್ಷ, ಅಚಿಯೆಂಗ್, ಆ ಹೆಸರು ನನ್ನ ನಾಲಿಗೆಗೆ ಕೂರಲು ಎರಡು ದಿನ ಹಿಡಿಯಿತು, ನಮ್ಮ ಯಜಮಾನರಿಗೆ ಇನ್ನೂ ಕೂತಿಲ್ಲ, ಹಾಲಿನಲ್ಲಿ ಅವಳೆದುರು ಕುಳಿತು ಪೇ ಕಮಿಷನ್ ಬಗ್ಗೆ ವಿವರಿಸುತ್ತಿದ್ದಾರೆ, ಆರನೇ ಪೇ ಕಮಿಷನ್ ಬಂದರೆ ಸೆಕ್ಷನ್ ಆಫೀಸರಿಗೆ ಎಷ್ಟಾಗುತ್ತೆ ಗೊತ್ತಾ ಮಿಸ್, ಅಯ್ಯೋ ದಕ್ಷಿಣಾಮೂರ್ತಿಗಳೇ, ಬಾಸ್ಕೆಟ್‌ಬಾಲ್ ಆಡಲು ಬಂದ ಹುಡುಗಿಗೆ ಅದೆಲ್ಲ ಯಾಕೆ, ಅವಳೋ ಅಚ್ಛಾ ಅಚ್ಛಾ ಎನ್ನುತ್ತಿದ್ದಾಳೆ, ನಾಲ್ಕು ದಿನದಲ್ಲಿ ಕಲಿತದ್ದು ಅದೊಂದೇ ಮಾತು, ಮಿಕ್ಕಿದ್ದೆಲ್ಲ ಇಂಗ್ಲಿಷು, ದೆಹಲಿಯಲ್ಲಿ ಬದುಕಲು ಅಷ್ಟು ಸಾಕು. ದಡ್ — ಮೇಜು ಅದುರಿತು, ಮತ್ತೆ ಅವಳ ಮೊಣಕಾಲು ತಗುಲಿತು, ಕಿದ್ವಾಯಿ ನಗರದ ಈ ಕ್ವಾರ್ಟರ್ಸಿನಲ್ಲಿ ಅಷ್ಟುದ್ದದ ಕಾಲು ಚಾಚುವುದೆಲ್ಲಿ, ಚಟ್ನಿ ಚೆಲ್ಲದಿದ್ದರೆ ಸಾಕು, ಬಟ್ಟಲಿನ ಪಕ್ಕದಲ್ಲೇ ಕರಾರುಪತ್ರ ಇದೆ, ಇನ್ನೂ ಸಹಿಯಾಗಿಲ್ಲ.

ಸಹಿ ಬೇಕು, ಇವತ್ತು ಸಂಜೆ ಐದರೊಳಗೆ ಬೇಕು, ಹೊಸ ಲೀಗಿನವರು ನಿಯಮ ಮಾಡಿದ್ದಾರಲ್ಲ, ಪ್ರತಿ ತಂಡಕ್ಕೂ ಒಬ್ಬಳಾದರೂ ಹೊರದೇಶದ ಹುಡುಗಿ, ಇಲ್ಲವೆಂದರೆ ತಂಡವೇ ಇಲ್ಲ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು, ಏಳು ಜನರನ್ನು ಟ್ರಯಲ್ಸಿಗೆ ಕರೆಸಿದರು, ಆರು ಜನರನ್ನು ಮುಂಬೈಯವರು ಚೆನ್ನೈಯವರು ಗುರ್ಗಾಂವಿನವರು ಎರಡೇ ದಿನದಲ್ಲಿ ಎತ್ತಿಕೊಂಡು ಹೋದರು, ಉಳಿದವಳು ಇವಳೊಬ್ಬಳು, ಉಳಿದವಳೇನು, ನಾನೇ ಆರಿಸ್ತೀನಿ ಎಂದು ಕಾಲಮೇಲೆ ಕಾಲು ಹಾಕಿ ಕೂತವಳು, ಮೊದಲು ನಿಮ್ಮ ಮನೇಲಿ ತಿಂಡಿ ಆಂಟಿ, ಹನ್ನೆರಡಕ್ಕೆ ಗುರ್ಗಾಂವ್ ಕ್ಲಬ್ಬಿನ ಕಾರ್ ಅಲ್ಲಿಗೇ ಬರುತ್ತೆ, ಅವರದ್ದೂ ನೋಡ್ತೀನಿ, ಆಮೇಲೆ ಹೇಳ್ತೀನಿ, ಜಾಣೆ, ನನಗೆ ಇಷ್ಟವಾದದ್ದೇ ಅದು. ಗುರ್ಗಾಂವಿನವರಿಗೆ ಈಗಾಗಲೇ ಒಬ್ಬಳಿದ್ದಾಳೆ, ಇನ್ನೊಬ್ಬಳು ಬೇಕಂತೆ, ದುರಾಸೆಗೆ ಕೊನೆಯುಂಟೇ, ನಮ್ಮ ಮಯೂರ್ ವಿಹಾರ್ ಕ್ಲಬ್ಬಿನಲ್ಲಿ ನಾನು ಆಟ ಕಲಿಸುವ ಹನ್ನೊಂದು ಹುಡುಗಿಯರು ಬೂಟಿನ ಲೇಸು ಕಟ್ಟಿಕೊಂಡು ಕಾಯುತ್ತಿದ್ದಾರೆ, ಅದರಲ್ಲಿ ನನ್ನ ಮಗಳೂ ಒಬ್ಬಳು — ಅಮ್ಮಾ, ವೋ ಔರ್ ಮಾಂಗ್ ರಹೀ ಹೈ, ಜಲ್ದಿ ಹಾಕು ನಾ — ಬಂದಳು ಹರಿಣಿ, ಹದಿನೇಳು ವರ್ಷ, ತಟ್ಟೆ ಹಿಡಿದು ಕುಂಟುತ್ತಾ ಕುಣಿಯುತ್ತಾ, ಹುಷಾರು, ಎಣ್ಣೆ ಸಿಡಿಯುತ್ತೆ, ಹಾಕ್ತೀನಿ ಇರು. ಇವತ್ತು ಸಹಿಯಾಗದಿದ್ದರೆ ಇವಳು ಒಂದು ವಾರ ಅಳುತ್ತಾಳೆ.

ಎರಡು ಸೌಟು ಹಿಟ್ಟು, ಸುತ್ತಿ, ತೆಳ್ಳಗೆ, ಎಣ್ಣೆ ಅಂಚಿಗೆ — ಅವಳು ಮೊನ್ನೆ ಸ್ಟೇಡಿಯಮ್ಮಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಸಂಬಳ ಕೇಳಲಿಲ್ಲ, ರೂಮು ಕೇಳಲಿಲ್ಲ, ಆಂಟಿ ನಿಮ್ಮ ಕೋರ್ಟಿನ ನೆಲ ಮರದ್ದಾ, ನಾನು ಥಟ್ಟನೆ ಹೌದು ಎಂದೆ. ಸುಳ್ಳು ಹೇಳಿದೆನೇ? ಆಗ ಸುಳ್ಳು ಎಂದು ಆಣೆಗೂ ಅನ್ನಿಸಲಿಲ್ಲ, ಇಪ್ಪತ್ತೆರಡು ವರ್ಷ ಸರ್ಕಾರಿ ಕುರ್ಚಿ ಬಿಸಿ ಮಾಡಿದವಳಿಗೆ ಮಂಜೂರಾಗಿದೆ ಎಂದರೆ ಆಗಿದೆ ಎಂದೇ ಅರ್ಥ, ಕ್ಲಬ್ಬಿನ ಕಮಿಟಿ ಹೋದ ವರ್ಷವೇ ಮರದ ನೆಲ ಮಂಜೂರು ಮಾಡಿದೆ, ನಡಾವಳಿ ಟೈಪ್ ಮಾಡಿದವಳೇ ನಾನು, ನಮ್ಮ ಮನೆಯ ಮಾತೇ ಹೀಗೆ, ಇವರ ಪ್ರಮೋಷನ್ ಕೂಡ ಮೂರು ವರ್ಷದ ಹಿಂದೆಯೇ ಆಗಿದೆ, ನೆಂಟರಿಗೆಲ್ಲ ಮೈಸೂರು ಪಾಕು ಹಂಚಿದ್ದೂ ಆಯಿತು, ಆರ್ಡರ್ ಬರುವುದೊಂದು ಬಾಕಿ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜನ ನಾವು. ಮಯೂರ್ ವಿಹಾರಿನಲ್ಲಿ ಇವತ್ತಿಗೂ ಇರುವುದು ಸಿಮೆಂಟು, ಬಿರುಕುಬಿಟ್ಟ ಒರಟು ಸಿಮೆಂಟು. ಸಿಮೆಂಟು ಏನು ಮಾಡುತ್ತದೆ ಎಂದು ನನಗೆ ಹೇಳಿಕೊಡಬೇಕೇ, ಮೈಸೂರಿನ ಹುಡುಗಿ, ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿತೆಂದು ಕುಣಿದುಕೊಂಡು ದೆಹಲಿಗೆ ಬಂದವಳು, ಮೊದಲು ಮೊಣಕಾಲಿನ ಚಿಪ್ಪಿನ ಕೆಳಗೆ ಎಡಕ್ಕೆ ನಿಂಬೆಹಣ್ಣಿನಷ್ಟು ಬಾವು, ಹೇಳಿದರೆ ತಂಡದಿಂದ ತೆಗೆದುಬಿಡುತ್ತಾರೆ ಎಂದು ಯಾರಿಗೂ ಹೇಳದೆ ಆಡಿದೆ, ಒಂದು ದಿನ ಹಾರಿದೆ, ಇಳಿದೆ, ಕಟಕ್, ಅಷ್ಟೇ, ಇಪ್ಪತ್ತೊಂದನೇ ವಯಸ್ಸಿಗೆ ನನ್ನ ಆಟ ಮುಗಿಯಿತು. ದಡ್, ಮತ್ತೆ ಅವಳ ಮೊಣಕಾಲು, ಎಷ್ಟು ನುಣುಪಾಗಿದೆ ಅದು, ಟ್ರಯಲ್ಸಿನ ದಿನ ಏಳು ಹುಡುಗಿಯರ ಮೊಣಕಾಲನ್ನೂ ಕೈಯಿಂದ ಒತ್ತಿ ನೋಡಿದವಳು ನಾನು, ಇವಳದ್ದರಲ್ಲಿ ಒಂದು ಕಲೆಯಿಲ್ಲ, ಅವಳ ತಾಯಿ ಫೋನಿನಲ್ಲಿ ಅಷ್ಟು ದೂರದಿಂದ ಕೂಗಿ ಹೇಳಿದಳು, ಮೇಡಂ, ಇನ್ನು ಅವಳು ನಿಮ್ಮ ಮಗಳು, ನಾನೂ ಕೂಗಿದೆ, ನನ್ನ ಮಗಳ ಹಾಗೇ ನೋಡ್ಕೊತೀನಿ. ಹೇಳಿಬಿಡಲೇ? ಹೇಳಿದರೆ ಹನ್ನೊಂದು ಹುಡುಗಿಯರ ತಂಡ ಹೋಯಿತು, ಹೇಳದಿದ್ದರೆ ಈ ಕಾಲು ಹೋಯಿತು, ಥೂ, ತಾಯಿಗೆ ಮಾತು ಕೊಟ್ಟಮೇಲೆ ಮುಗಿಯಿತು, ಗ್ಯಾಸ್ ಆರಿಸು, ನಡಿ.

ಹಾಲಿಗೆ ಬಂದೆ, ಕೈಯಲ್ಲಿ ಸಟ್ಟುಗ ಹಾಗೇ ಇದೆ, ಅಚಿಯೆಂಗ್, ನಮ್ಮ ನೆಲ ಸಿಮೆಂಟು, ಮರದ್ದು ಕಾಗದದ ಮೇಲಿದೆ ಅಷ್ಟೇ, ನಿನಗೆ ತಪ್ಪು ಹೇಳಿದೆ — ಹೇಳಿಯೇಬಿಟ್ಟೆ, ಎದೆ ಹಗುರವಾಯಿತು, ಇವರ ಬಾಯಿ ಪೇ ಕಮಿಷನ್ನಿನ ಮಧ್ಯದಲ್ಲೇ ತೆರೆದು ನಿಂತಿತು, ಹರಿಣಿ ಹಣೆ ಚಚ್ಚಿಕೊಂಡಳು, ಅಮ್ಮಾ, ಪಾಗಲ್ ಹೋ ಕ್ಯಾ, ಅಚಿಯೆಂಗ್ ಮಾತ್ರ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದಳು, ನುಂಗಿ ಹೋ ಎಂದು ನಕ್ಕಳು, ನಮ್ಮ ಸ್ಕೂಲಿಗೂ ಕಾಗದದ ಮೇಲೆ ಒಂದು ಈಜುಕೊಳ ಇದೆ ಆಂಟಿ, ಇವತ್ತಿನವರೆಗೂ ಯಾರೂ ಅದರಲ್ಲಿ ಒದ್ದೆಯಾಗಿಲ್ಲ, ಎಲ್ಲರೂ ನಕ್ಕೆವು, ನನ್ನ ಕಣ್ಣಲ್ಲಿ ನೀರೇ ಬಂತು. ಗುರ್ಗಾಂವಿನ ನೆಲ ಮರದ್ದೇ, ನನಗೆ ಗೊತ್ತು, ಹೋಗ್ತೀಯಾ, ಬೇಜಾರಿಲ್ಲ, ಎಂದೆ, ಇದು ಮಾತ್ರ ಸುಳ್ಳು. ಆ ಸಿಮೆಂಟಿನ ಮೇಲೆ ಈಗ ಯಾರು ಆಡ್ತಾರೆ, ಎಂದು ಕೇಳಿದಳು, ನಾವೇ, ಔರ್ ಕೌನ್, ನಾಲ್ಕು ವರ್ಷದಿಂದ, ಹರಿಣಿ ಮುಖ ಊದಿಸಿಕೊಂಡೇ ಹೇಳಿದಳು, ಅಚಿಯೆಂಗ್ ಪೆನ್ನು ತೆಗೆದು ಇವರ ಕೈಗಿಟ್ಟಳು, ಬರೀರಿ ಅಂಕಲ್, ಮರ ಇಲ್ಲ ಅಂದ್ರೆ ಆಟ ಇಲ್ಲ, ನನಗೊಬ್ಬಳಿಗೆ ಅಲ್ಲ, ಹನ್ನೆರಡು ಜನಕ್ಕೂ. ಆಹಾ, ಆಗ ನೋಡಬೇಕಿತ್ತು ದಕ್ಷಿಣಾಮೂರ್ತಿಯವರ ಮುಖ, ಮೂವತ್ತು ವರ್ಷದ ಸರ್ವಿಸ್ಸಿನಲ್ಲಿ ಯಾರೂ ಅವರನ್ನು ಇಷ್ಟು ಪ್ರೀತಿಯಿಂದ ಡ್ರಾಫ್ಟ್ ಕೇಳಿರಲಿಲ್ಲ, ಕನ್ನಡಕ ಒರೆಸಿಕೊಂಡರು, ಮರದ ನೆಲ ಹಾಸುವ ತನಕ ಈ ತಂಡದ ಯಾವ ಆಟಗಾರ್ತಿಯೂ ಸದರಿ ಅಂಗಳದಲ್ಲಿ ಆಡತಕ್ಕದ್ದಲ್ಲ, ತಕ್ಕದ್ದಲ್ಲ ಎಂಬುದಕ್ಕೆ ಎರಡು ಗೀಟು, ಕಮಿಟಿಯವರು ಒಪ್ಪದೆ ಎಲ್ಲಿಗೆ ಹೋಗುತ್ತಾರೆ, ಇವಳ ಸಹಿ ಇಲ್ಲದಿದ್ದರೆ ಅವರಿಗೆ ತಂಡವೇ ಇಲ್ಲ, ಒಂದು ವರ್ಷದಿಂದ ಮಲಗಿದ್ದ ಫೈಲು ಇನ್ನು ಎದ್ದು ಓಡಬೇಕು. ಅಚಿಯೆಂಗ್ ಕೆಳಗೆ ಸಹಿ ಹಾಕಿದಳು, ದೊಡ್ಡದಾಗಿ, ಅರ್ಧ ಪುಟದಷ್ಟು.

ಕೆಳಗೆ ಹಾರ್ನು, ಗುರ್ಗಾಂವಿನ ಕಾರು, ಇವರು ಬಾಲ್ಕನಿಗೆ ಓಡಿ ಭಯ್ಯಾ, ಸೈನ್ ಹೋ ಗಯಾ, ಹೋ ಗಯಾ ಎಂದು ಕೂಗುತ್ತಿದ್ದಾರೆ, ಬನ್ನಿ ದೋಸೆ ತಿಂದು ಹೋಗಿ ಎಂದೂ ಸೇರಿಸಿದರು, ಪುಣ್ಯಾತ್ಮ, ನಾನು ನಗುತ್ತಾ ಕರಾರುಪತ್ರ ಎತ್ತಿಕೊಂಡೆ, ಗೆದ್ದೆ, ಸಿಮೆಂಟು ಎಂದು ಒಪ್ಪಿಕೊಂಡು ಗೆದ್ದೆ, ಇಂಥದ್ದು ಯಾರಿಗುಂಟು — ಅಚಿಯೆಂಗ್ ಮೇಜಿನ ಕೆಳಗಿನಿಂದ ಕಾಲು ಬಿಡಿಸಿಕೊಂಡು ಹರಿಣಿಯ ಕಡೆ ತಿರುಗಿದಳು, ನಾಲ್ಕು ವರ್ಷ ಸಿಮೆಂಟಾ, ತೋರಿಸು, ಏನು, ಮೊಣಕಾಲು ತೋರಿಸು, ಏನಿಲ್ಲ, ಕುಛ್ ನಹೀಂ ಯಾರ್, ಹರಿಣಿ ಹಿಂದೆ ಸರಿದಳು, ನನ್ನ ಕಡೆ ನೋಡಲಿಲ್ಲ, ಯಾಕೆ ನೋಡುತ್ತಿಲ್ಲ ಇವಳು, ಅಚಿಯೆಂಗ್ ಬಗ್ಗಿ ಅವಳ ಪೈಜಾಮವನ್ನು ತಾನೇ ಮೇಲೆತ್ತಿದಳು, ಬಿಗಿಯಾಗಿ ಸುತ್ತಿದ ಬ್ಯಾಂಡೇಜು, ಒಂದು ಸುತ್ತು, ಎರಡು, ಮೂರು, ಯಾವಾಗಿನಿಂದ ಹರಿಣಿ, ದೀಪಾವಳಿಯಿಂದ ಅಮ್ಮಾ, ಹೇಳಿದ್ರೆ ನೀನು ಟೀಮಿಂದ ತೆಗೀತಿದ್ದೆ ನಾ — ಹೊರದೇಶದ ಏಳು ಹುಡುಗಿಯರ ಕಾಲು ಒತ್ತಿ ನೋಡಿದವಳು, ನನ್ನ ಮಗಳ ಹಾಗೇ ನೋಡ್ಕೊತೀನಿ ಎಂದವಳು, ನನ್ನ ಮಗಳು, ಕೊನೆಯ ಸುತ್ತು ಬಿಚ್ಚಿತು, ಮೊಣಕಾಲು, ಚಿಪ್ಪಿನ ಕೆಳಗೆ, ಎಡಕ್ಕೆ, ನಿಂಬೆಹಣ್ಣಿನಷ್ಟು